ಗಡಿಯಾಚೆಯಿಂದ ಬಂದ ಪೊಟ್ಟಣಕ್ಕೆ ಹೊಣೆ ಯಾರು?



ಅಡಿಕೆ ತೋಟದ ಕಪ್ಪಿನಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಪೊಟ್ಟಣದ ಮೇಲೆ ತಯಾರಕನ ಹೆಸರಿರುತ್ತದೆ, ಬೆಲೆಯಿರುತ್ತದೆ, ವಿಳಾಸವೂ ಇರುತ್ತದೆ. ಅದನ್ನು ಹೆಕ್ಕಿ ಸಾಗಿಸುವ ಖರ್ಚು ಮಾತ್ರ ಆ ವಿಳಾಸವನ್ನು ತಲುಪುವುದಿಲ್ಲ. ಗ್ರಾಮ ಪಂಚಾಯಿತಿಯ ಲೆಕ್ಕಕ್ಕೋ ತೋಟದವನ ಬೆನ್ನಿಗೋ ಬೀಳುತ್ತದೆ.

ಈ ಅನ್ಯಾಯವನ್ನು ತಿದ್ದಲು ಹೊರಟ ದೇಶಗಳಲ್ಲಿ ಜರ್ಮನಿ ಮೊದಲ ಸಾಲಿನದು. ಹೊದಿಕೆಯನ್ನು ಮಾರುಕಟ್ಟೆಗೆ ಬಿಟ್ಟವನೇ ಅದನ್ನು ಮರಳಿ ಸಂಗ್ರಹಿಸುವ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ಅದು 1991ರಲ್ಲಿಯೇ ಕಾನೂನಾಗಿಸಿತು. ಶುಲ್ಕವು ಹೊದಿಕೆಯ ವಸ್ತು ಮತ್ತು ತೂಕವನ್ನು ಅವಲಂಬಿಸಿದೆ. ಆ ಹಣದಿಂದಲೇ ಮನೆಮನೆಯ ಹಳದಿ ಚೀಲಗಳ ಕಸವನ್ನು ಒಯ್ಯಲಾಗುತ್ತದೆ.

ತೊಡಕು ಹುಟ್ಟಿದ್ದು ಅಂತರಜಾಲದ ವ್ಯಾಪಾರದಿಂದ. ಜರ್ಮನಿಯಲ್ಲಿ ಅಂಗಡಿಯನ್ನಾಗಲಿ ಆಮದುದಾರನನ್ನಾಗಲಿ ಹೊಂದಿರದ ಮಾರಾಟಗಾರನು ಸಾವಿರಾರು ಮೈಲಿಗಳಾಚೆಯಿಂದ ನೇರವಾಗಿ ಮನೆಬಾಗಿಲಿಗೆ ಸರಕು ಕಳುಹಿಸತೊಡಗಿದನು. ರಟ್ಟು, ಪ್ಲಾಸ್ಟಿಕ್, ಥರ್ಮೋಕೋಲು ಅಲ್ಲಿ ಉಳಿದವು, ಶುಲ್ಕ ಬರಲಿಲ್ಲ. ಅವನ ಪಾಲಿನ ಭಾರವನ್ನೂ ಪ್ರಾಮಾಣಿಕವಾಗಿ ಶುಲ್ಕ ತೆತ್ತ ವ್ಯಾಪಾರಿಯೇ ಹೊರಬೇಕಾಯಿತು. 2019ರ ಜನವರಿ 1ರಂದು ಜಾರಿಗೆ ಬಂದ ಕಾಯ್ದೆಯು ‘ಲೂಸಿಡ್’ ಎಂಬ ನೋಂದಣಿ ಪುಸ್ತಕವನ್ನು ತೆರೆಯಿತು. ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬುದನ್ನು ಸಾರ್ವಜನಿಕರೆಲ್ಲರೂ ನೋಡಬಹುದು. ಕನಿಷ್ಠ ಮಿತಿಯ ವಿನಾಯಿತಿಯನ್ನೂ ಇಡಲಿಲ್ಲ. ಮೊದಲ ಪೊಟ್ಟಣದಿಂದಲೇ ಹೊಣೆ. ಶುಲ್ಕ ವ್ಯವಸ್ಥೆಗೆ ಸೇರದವನಿಗೆ 2,00,000 ಯೂರೋವರೆಗೆ ದಂಡ.

ಆದರೆ ಪರದೇಶದಲ್ಲಿರುವವನಿಂದ ದಂಡ ವಸೂಲು ಮಾಡುವುದು ಸುಲಭವೇ? ಕಾನೂನು ಆಗ ಕೈಗೆಟುಕುವವರನ್ನು ಹಿಡಿಯಿತು. 2022ರ ಜುಲೈ 1ರಿಂದ, ನೋಂದಣಿಯಿಲ್ಲದವನ ಸರಕನ್ನು ಅಂತರಜಾಲದ ಮಾರುಕಟ್ಟೆಗಳು ಮಾರಾಟಕ್ಕಿಡುವಂತಿಲ್ಲ, ಅವನ ಪರವಾಗಿ ಸರಕು ಕಟ್ಟಿ ರವಾನಿಸುವ ಗೋದಾಮುಗಳು ಆ ಕೆಲಸ ಮಾಡುವಂತಿಲ್ಲ ಎಂದಾಯಿತು. ಇದು ನಿಜಕ್ಕೂ ಮೆಚ್ಚತಕ್ಕ ಯುಕ್ತಿ.

ಚಿಕ್ಕಮಗಳೂರಿನ ಬೆಳೆಗಾರನು ಕಾಫಿಪುಡಿಯನ್ನು ಬರ್ಲಿನ್ನಿನ ಮನೆಯೊಂದಕ್ಕೆ ನೇರವಾಗಿ ಮಾರಿದರೂ ಈ ಹೊಣೆ ಅವನಿಗೆ ತಗಲುತ್ತದೆ. ಸಣ್ಣ ಬೆಳೆಗಾರನಿಗೆ ಇದು ಕಿರಿಕಿರಿಯೇ ಸರಿ. ಆದರೆ ಅವನ ಪೊಟ್ಟಣವೂ ಅಲ್ಲಿ ಯಾರದೋ ಮನೆಯ ಕಸವಾಗುತ್ತದೆಯಷ್ಟೆ.

ಭಾರತದಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ 2022ರ ಫೆಬ್ರವರಿಯಲ್ಲಿ ಸೇರಿಸಿದ ಮಾರ್ಗಸೂಚಿಯು ಉತ್ಪಾದಕ, ಆಮದುದಾರ ಮತ್ತು ಬ್ರ್ಯಾಂಡ್ ಮಾಲೀಕರನ್ನು ಹೊಣೆಗಾರರನ್ನಾಗಿಸಿತು. ಅಂತರಜಾಲದ ಮಾರುಕಟ್ಟೆಗಳನ್ನೂ ಒಳಗೆ ತಂದಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದ ಮೂಲಕ ನೋಂದಣಿ ಕಡ್ಡಾಯ. ಆದರೆ ಒಂದು ಕೊರತೆಯನ್ನು ಮಲೆನಾಡು ಗಮನಿಸಬೇಕು. ಕಂಪನಿಯು ತನ್ನ ಗುರಿಯನ್ನು ಸಂಸ್ಕರಣಾ ಘಟಕಗಳಿಂದ ಪ್ರಮಾಣಪತ್ರ ಕೊಂಡು ಪೂರೈಸಬಹುದು. ಲೆಕ್ಕ ಟನ್ನಿನದು, ಊರಿನದಲ್ಲ. ಬಯಲುಸೀಮೆಯ ನಗರದಲ್ಲಿ ಸುಲಭವಾಗಿ ಸಿಕ್ಕ ಪ್ಲಾಸ್ಟಿಕ್ಕಿನಿಂದ ಗುರಿ ತುಂಬಿದರೆ, ಘಟ್ಟದ ಹಳ್ಳದಲ್ಲಿರುವ ಪೊಟ್ಟಣವನ್ನು ಎತ್ತಲು ಯಾರೂ ಬರಬೇಕಾಗಿಲ್ಲ. ಸಂಗ್ರಹಣೆಯ ಹಣದಲ್ಲಿ ದುರ್ಗಮ ಪಂಚಾಯಿತಿಗಳಿಗೆ ಪ್ರತ್ಯೇಕ ಪಾಲು ಬೇಕೆಂದು ಗ್ರಾಮಸಭೆಗಳು ಠರಾವು ಮಾಡಿ ಮಂಡಳಿಗೆ ಕಳುಹಿಸಬಹುದು. ಠರಾವಿನ ಜೊತೆಗೆ, ಒಂದು ಮಳೆಗಾಲದಲ್ಲಿ ಹಳ್ಳದಿಂದ ಹೆಕ್ಕಿದ ಪೊಟ್ಟಣಗಳ ಮೇಲಿನ ಹೆಸರುಗಳನ್ನು ವಿದ್ಯಾರ್ಥಿಗಳು ಪಟ್ಟಿಮಾಡಿ ಲಗತ್ತಿಸಬೇಕು.