ರಾಕೆಟ್ ಯಾರದು, ಕಾಸು ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ರಾಕೆಟ್ಟಿನ ವಿಚಾರ ಮಾತಾಡೋಕೆ ಬಿ.ಎ. ಓದಿ ಪದ್ಯ ಬರೆಯುವ ಇವನಿಗೇನು ಅಧಿಕಾರ ಅಂತ ನಿಮ್ಮಲ್ಲಿ ಸೈನ್ಸ್ ಓದುವವರು ನಗಬಹುದು. ನಗಿ. ರಾಕೆಟ್ಟು ಹೆಂಗೆ ಹಾರುತ್ತೆ ಅನ್ನೋದನ್ನ ನೀವು ನನಗೆ ಹೇಳಿಕೊಡಿ. ಯಾರ ಕಾಸಿನಲ್ಲಿ ಹಾರುತ್ತೆ, ಹಾರಿದ ಮೇಲೆ ಯಾರದಾಗುತ್ತೆ ಅಂತ ಕೇಳೋಕೆ ಸೈನ್ಸ್ ಓದಿರಬೇಕಾಗಿಲ್ಲ.

ಈಚೆಗೆ ಎಲ್ಲ ಕಡೆ ಒಂದು ಮಾತು ಕೇಳಿಬರ್ತಿದೆ. ಸರ್ಕಾರದ ಕೈಲಿ ಆಗಲ್ಲ, ಖಾಸಗಿಯವರು ಮಾಡಿ ತೋರಿಸಿದರು, ಇನ್ನು ಆಕಾಶವನ್ನ ಕಂಪನಿಗಳಿಗೆ ಬಿಟ್ಟುಬಿಡಿ ಅಂತ. ಇದಕ್ಕೆ ಅಮೆರಿಕದ ಎಲಾನ್ ಮಸ್ಕನ ಸ್ಪೇಸ್‌ಎಕ್ಸ್ ಕಂಪನಿಯನ್ನ ಸಾಕ್ಷಿಗೆ ನಿಲ್ಲಿಸ್ತಾರೆ. ಸರಿ, ನಿಲ್ಲಿಸಲಿ. ಸಾಕ್ಷಿಗೆ ಪಾಟೀಸವಾಲು ಹಾಕುವ ಹಕ್ಕು ನಮಗೂ ಇದೆ.

ಆ ಕಂಪನಿಯ ಕೆಲಸವನ್ನ ನಾನು ಹೀಗಳೆಯೋದಿಲ್ಲ. ೨೦೧೫ರ ಡಿಸೆಂಬರಿನಲ್ಲಿ ಅವರ ಫಾಲ್ಕನ್ ೯ ರಾಕೆಟ್ಟಿನ ಕೆಳಗಿನ ಹಂತ, ಉಪಗ್ರಹಗಳನ್ನ ಮೇಲಕ್ಕೆ ದಾಟಿಸಿ, ತಾನು ವಾಪಸು ಬಂದು ನೆಲದ ಮೇಲೆ ನೆಟ್ಟಗೆ ನಿಂತಿತು. ಒಂದು ಸಲ ಉರಿದು ಸಮುದ್ರಕ್ಕೆ ಬೀಳುತ್ತಿದ್ದ ಭಾಗ ಮತ್ತೆ ಮತ್ತೆ ಬಳಕೆಗೆ ಬಂತು. ಖರ್ಚು ಇಳೀತು. ಇದು ಸಾವಿರಾರು ಎಂಜಿನಿಯರುಗಳ, ಕೆಲಸಗಾರರ ದುಡಿಮೆ. ಫೋಟೋದಲ್ಲಿ ಮಾತ್ರ ಒಬ್ಬನೇ ನಿಂತಿರ್ತಾನೆ.

ಆದರೆ ಈ ಕಂಪನಿ ಬದುಕಿ ಉಳಿದದ್ದು ಹೇಗೆ? ಅದರ ಮೊದಲ ಮೂರು ರಾಕೆಟ್ಟುಗಳು ಕಕ್ಷೆ ಮುಟ್ಟಲಿಲ್ಲ. ನಾಲ್ಕನೆಯದು ೨೦೦೮ರ ಸೆಪ್ಟೆಂಬರಿನಲ್ಲಿ ಮುಟ್ಟಿತು. ಅಷ್ಟು ಹೊತ್ತಿಗೆ ಕಂಪನಿಯ ಗಲ್ಲಾ ಬರಿದಾಗಿತ್ತು. ಅದೇ ಡಿಸೆಂಬರಿನಲ್ಲಿ ನಾಸಾ, ಅಂದ್ರೆ ಅಮೆರಿಕದ ಸರ್ಕಾರಿ ಸಂಸ್ಥೆ, ಅಂತರಿಕ್ಷ ನಿಲ್ದಾಣಕ್ಕೆ ೧೨ ಸಲ ಸಾಮಾನು ಸಾಗಿಸೋಕೆ ೧೬೦ ಕೋಟಿ ಡಾಲರಿನ ಗುತ್ತಿಗೆ ಕೊಡ್ತು. ೨೦೧೪ರಲ್ಲಿ ಮನುಷ್ಯರನ್ನ ಕರೆದೊಯ್ಯೋಕೆ ಅಂತ ಇನ್ನೂ ೨೬೦ ಕೋಟಿ. ಅದೇ ವರ್ಷ ಉಡಾವಣೆಗೆ ನಾಸಾದ ೩೯ಎ ಕಟ್ಟೆಯನ್ನ ಗುತ್ತಿಗೆಗೆ ಕೊಟ್ಟರು. ೧೯೬೯ರಲ್ಲಿ ಚಂದ್ರನಿಗೆ ಮನುಷ್ಯನನ್ನ ಕಳಿಸಿದ ಕಟ್ಟೆ ಅದೇ. ಊರಿನವರೆಲ್ಲ ತೋಡಿದ ಬಾವಿ. ಈಗ ಅದರ ಮೇಲೆ ಒಬ್ಬನ ಹೆಸರಿನ ಬೋರ್ಡು.

ಖಾಸಗಿ ಅಂದಾಕ್ಷಣ ಕೆಲಸ ಕೆಡೋದಿಲ್ಲ ಅನ್ನೋದೂ ಸುಳ್ಳು. ಅದೇ ಕೆಲಸಕ್ಕೆ ಬೋಯಿಂಗ್ ಕಂಪನಿಗೆ ೪೨೦ ಕೋಟಿ ಡಾಲರ್ ಕೊಟ್ಟಿದ್ದರು. ೨೦೨೪ರ ಜೂನಿನಲ್ಲಿ ಅವರ ಸ್ಟಾರ್‌ಲೈನರ್ ನೌಕೆಯಲ್ಲಿ ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ಎಂಟು ದಿನಕ್ಕೆ ಅಂತ ಹೋದರು. ನೌಕೆಯಲ್ಲಿ ದೋಷ ಕಂಡುಬಂತು. ನಾಸಾ ಅದನ್ನ ಖಾಲಿಯಾಗಿ ಇಳಿಸಿತು. ಅವರಿಬ್ಬರೂ ಇಳಿದದ್ದು ೨೦೨೫ರ ಮಾರ್ಚಿನಲ್ಲಿ, ಸ್ಪೇಸ್‌ಎಕ್ಸ್ ನೌಕೆಯಲ್ಲಿ.

ಈಗ ೧೯೬೯ರದೇ ಇನ್ನೊಂದು ಸಂಗತಿ ಕೇಳಿ. ಅಪೋಲೋ ೧೧ ಹಾರುವ ಹಿಂದಿನ ದಿನ, ಜುಲೈ ೧೫ರಂದು, ಮಾರ್ಟಿನ್ ಲೂಥರ್ ಕಿಂಗರ ಒಡನಾಡಿ ರಾಲ್ಫ್ ಅಬರ್ನಥಿ ಬಡ ಕರಿಯ ಕುಟುಂಬಗಳನ್ನ ಕಟ್ಟಿಕೊಂಡು, ಹೇಸರಗತ್ತೆ ಹೂಡಿದ ಗಾಡಿಗಳ ಸಮೇತ ಉಡಾವಣಾ ಕೇಂದ್ರದ ಹತ್ತಿರ ಬಂದು ನಿಂತರು. ಹಸಿದ ಮಕ್ಕಳಿರುವ ದೇಶದಲ್ಲಿ ಚಂದ್ರನಿಗೆ ಇಷ್ಟು ದುಡ್ಡೇ ಅಂತ ಕೇಳಿದರು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಬಂದು ಎದುರು ನಿಂತು ಉತ್ತರ ಕೊಡಬೇಕಾಯ್ತು. ಅದರಿಂದ ಹಸಿವು ನಿಂತಿತೇ? ಇಲ್ಲ, ರಾಕೆಟ್ಟು ಮಾರನೇ ದಿನ ಹಾರಿತು. ಆದರೆ ಕೇಳೋಕೆ ಒಂದು ಬಾಗಿಲಿತ್ತು. ಅದು ಸರ್ಕಾರದ ದುಡ್ಡು, ಆದ್ದರಿಂದ ಬಾಗಿಲು ತೆರೀಬೇಕಾಯ್ತು.

೨೦೨೧ರ ಜುಲೈ ೨೦ರಂದು ಅಮೆಜಾನಿನ ಜೆಫ್ ಬೆಜೋಸ್ ತನ್ನದೇ ರಾಕೆಟ್ಟಿನಲ್ಲಿ ಹತ್ತು ನಿಮಿಷ ಮೇಲೆ ಹೋಗಿ ಬಂದ. ಇಳಿದ ಮೇಲೆ ಅಮೆಜಾನಿನ ನೌಕರರಿಗೂ ಗಿರಾಕಿಗಳಿಗೂ ಥ್ಯಾಂಕ್ಸ್ ಹೇಳಿದ, ಇದಕ್ಕೆಲ್ಲ ದುಡ್ಡು ಕೊಟ್ಟವರು ನೀವೇ ಅಂತ. ನಿಜವನ್ನೇ ಹೇಳಿದ, ಪುಣ್ಯಾತ್ಮ! ಬೆಂಗಳೂರಿನಲ್ಲಿ ಡಬ್ಬ ಹೊತ್ತು ನಾಲ್ಕನೇ ಮಹಡಿ ಹತ್ತುವ ನಮ್ಮ ಹುಡುಗರೂ ಆ ಲೆಕ್ಕದಲ್ಲಿ ಬಂದರು. ಅವರು ಯಾವ ಬಾಗಿಲಿಗೆ ಹೋಗಿ ಕೇಳಬೇಕು? ಅಲ್ಲಿ ಷೇರುದಾರ ಕೇಳಬಹುದು. ಹೊತ್ತವನು ಕೇಳೋಹಾಗಿಲ್ಲ.

ಇನ್ನು ನಮ್ಮ ದೇಶಕ್ಕೆ ಬನ್ನಿ. ೧೯೭೫ನೇ ಇಸವಿಯನ್ನ ನೆನಪಿಟ್ಟುಕೊಳ್ಳಿ. ಆ ಒಂದೇ ವರ್ಷದಲ್ಲಿ ಮೂರು ಘಟನೆ ನಡೆದವು.

ಏಪ್ರಿಲ್ ೧೯ರಂದು ಆರ್ಯಭಟ ಉಪಗ್ರಹ ರಷ್ಯದ ರಾಕೆಟ್ಟಿನಲ್ಲಿ ಮೇಲೇರಿತು. ಅದನ್ನ ಕಟ್ಟಿದ್ದು ನಮ್ಮ ಬೆಂಗಳೂರಿನ ಪೀಣ್ಯದಲ್ಲಿ, ಕಾರ್ಖಾನೆ ಶೆಡ್ಡುಗಳಲ್ಲಿ. ಲಾಭದ ಆಸೆಗೆ ಯಾವ ಸಾಹುಕಾರನೂ ಆವತ್ತು ಆ ಶೆಡ್ಡಿಗೆ ಕಾಸು ಹಾಕುತ್ತಿರಲಿಲ್ಲ.

ಆಗಸ್ಟ್ ೧ರಿಂದ ಒಂದು ವರ್ಷ, ನಾಸಾದ ಉಪಗ್ರಹವನ್ನ ಎರವಲು ಪಡೆದು, ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಇಸ್ರೋ ಟೆಲಿವಿಷನ್ ತಲುಪಿಸಿತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಬಲೆ ಜಾಲರಿಯಲ್ಲಿ ಮಾಡಿದ ಹತ್ತಡಿ ಆಂಟೆನಾ. ಶಾಲೆ, ಪಂಚಾಯ್ತಿಯಂಥ ಜಾಗದಲ್ಲಿ ಒಂದು ಪೆಟ್ಟಿಗೆ. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಕೇರಿಯವರು ಹತ್ತಿರ ಕೂತು ನೋಡಿದರೋ ದೂರ ನಿಂತು ನೋಡಿದರೋ, ಊರಿಂದ ಊರಿಗೆ ಬೇರೆಯಿದ್ದೀತು. ಆದರೂ ಕೊಳ್ಳೋಕೆ ಕಾಸಿಲ್ಲದವರನ್ನ ಲೆಕ್ಕಕ್ಕೆ ತಗೊಂಡು ಮಾಡಿದ ಕೆಲಸ ಅದು. ಕಂಪನಿಯ ಪುಸ್ತಕದಲ್ಲಿ ಗಿರಾಕಿ ಅಲ್ಲದವನಿಗೆ ಪುಟವೇ ಇರೋದಿಲ್ಲ.

ಮೂರನೆಯದನ್ನ ಯಾರೂ ಹೇಳೋದಿಲ್ಲ. ಜೂನ್ ೨೩ರಂದು ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಗ್ರೂಪ್ ಎ ದರ್ಜೆಯ ಮೊದಲ ಮೆಟ್ಟಿಲಿನಿಂದ ಮೇಲಿರುವ, ಸಂಶೋಧನೆ ಮಾಡುವ, ಮಾಡಿಸುವ ವೈಜ್ಞಾನಿಕ ಹುದ್ದೆಗಳಿಗೆ ಮೀಸಲಾತಿ ಅನ್ವಯಿಸೋದಿಲ್ಲ ಅಂತ. ೧೯೯೨ರ ಮಂಡಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೂ ಇಂಥ ಹುದ್ದೆಗಳಿಗೆ ಮೀಸಲಾತಿ ಉಚಿತವಲ್ಲ ಅನ್ನುವ ಅರ್ಥದ ಮಾತು ಬರೆಯಿತು. ನೋಡಿದಿರಾ? ಬೋಲ್ಟು ಬಿಗಿಯೋಕೆ ನಾವು ಬರಬಹುದು. ಏನು ಕಟ್ಟಬೇಕು ಅಂತ ತೀರ್ಮಾನಿಸುವ ಕೋಣೆಗೆ ಬರುವಾಗ ಮಾತ್ರ 'ಅರ್ಹತೆ' ಅನ್ನೋ ಮಡಿಬಟ್ಟೆ ಅಡ್ಡ ಬರುತ್ತೆ. ಆದ್ದರಿಂದ, ಸರ್ಕಾರದ್ದು ಅಂದಮಾತ್ರಕ್ಕೆ ನಮ್ಮದು ಅಂತ ನಾನು ಕುಣಿಯೋದಿಲ್ಲ.

ಆದರೆ ಅರ್ಧ ತೆರೆದ ಬಾಗಿಲಿಗೂ ಗೋಡೆಗೂ ವ್ಯತ್ಯಾಸ ಇದೆ ಕಣ್ರಪ್ಪ. ಐ.ಟಿ.ಐ. ಮಾಡಿದ ಟೆಕ್ನೀಷಿಯನ್ನಿಗೆ, ಹೊಸದಾಗಿ ಸೇರುವ ಎಂಜಿನಿಯರಿಗೆ ಇಸ್ರೋದಲ್ಲಿ ಮೀಸಲಾತಿ ಇದೆ. ೨೦೨೦ರಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನ ಖಾಸಗಿಯವರಿಗೆ ತೆರೆಯಿತು. ೨೦೨೨ರ ನವೆಂಬರಿನಲ್ಲಿ ಹೈದರಾಬಾದಿನ ಸ್ಕೈರೂಟ್, ೨೦೨೪ರ ಮೇನಲ್ಲಿ ಚೆನ್ನೈನ ಅಗ್ನಿಕುಲ್, ಎರಡೂ ಇಸ್ರೋದ ಶ್ರೀಹರಿಕೋಟಾದಿಂದಲೇ ರಾಕೆಟ್ ಹಾರಿಸಿದವು. ಸ್ಕೈರೂಟ್ ಕಟ್ಟಿದವರು ಇಸ್ರೋದಲ್ಲೇ ಕೆಲಸ ಕಲಿತವರು. ಕಲಿತದ್ದು ಸರ್ಕಾರದ ಸಂಬಳದಲ್ಲಿ. ನೆಲವೂ ಸರ್ಕಾರದ್ದು. ಆದರೆ ಖಾಸಗಿ ಕಂಪನಿಯಲ್ಲಿ ನಮ್ಮವರಿಗೆ ಒಂದು ಹುದ್ದೆಯನ್ನೂ ಮೀಸಲಿಡಬೇಕು ಅನ್ನುವ ಕಾನೂನು ಇಲ್ಲ.

ಒಂದು ತಮಾಷೆ ನೋಡಿ. ಸಣ್ಣ ಉಪಗ್ರಹ ಹಾರಿಸುವ ಎಸ್‌ಎಸ್‌ಎಲ್‌ವಿ ರಾಕೆಟ್ಟಿನ ತಂತ್ರಜ್ಞಾನವನ್ನ ಕೈಗಾರಿಕೆಗೆ ಕೊಡ್ತೀವಿ ಅಂತ ಹರಾಜು ಕೂಗಿದರು. ೨೦೨೫ರ ಜೂನಿನಲ್ಲಿ ೫೧೧ ಕೋಟಿ ರೂಪಾಯಿಗೆ ಗೆದ್ದದ್ದು ಯಾರು? ಬೆಂಗಳೂರಿನ ಎಚ್.ಎ.ಎಲ್., ಸರ್ಕಾರದ ಕಾರ್ಖಾನೆ! ಸರ್ಕಾರದ ಕೈಲಾಗಲ್ಲ ಅಂದವರು ಆವತ್ತು ಎಲ್ಲಿದ್ದರೋ. ಎಚ್.ಎ.ಎಲ್.ನಲ್ಲಿ ಮೀಸಲಾತಿ ಇದೆ, ಬರೆದಿಟ್ಟುಕೊಳ್ಳಿ.

ಹಾಗಾಗಿ ನಮ್ಮ ಕೇಳಿಕೆ ಎರಡು ಕಡೆಗೂ ಹೋಗಬೇಕು. ಇಸ್ರೋ ನೆಲದಲ್ಲಿ ರಾಕೆಟ್ ಹಾರಿಸುವ, ಇಸ್ರೋ ಪರೀಕ್ಷಾಲಯ ಬಳಸುವ ಕಂಪನಿ ನೌಕರಿಯಲ್ಲೂ ಪಾಲು ಕೊಡಬೇಕು, ಆ ಷರತ್ತನ್ನ ಕರಾರಿನಲ್ಲೇ ಬರೆಯಬೇಕು. ಐವತ್ತು ವರ್ಷದ ಆ ಆದೇಶವನ್ನ ಸರ್ಕಾರ ವಾಪಸು ತಗೋಬೇಕು.

ಇದಕ್ಕೆ ಮೊದಲು ಅಂಕಿ ಬೇಕು. ೨೦೦೫ರ ಮಾಹಿತಿ ಹಕ್ಕು ಕಾಯ್ದೆ ಇಸ್ರೋಗೆ ಅನ್ವಯಿಸುತ್ತೆ, ಖಾಸಗಿ ಕಂಪನಿಯನ್ನ ನೇರವಾಗಿ ಕೇಳೋಕೆ ಬರಲ್ಲ. ಶುಲ್ಕ ಹತ್ತು ರೂಪಾಯಿ. ಪ್ರತಿ ದರ್ಜೆಯ ವಿಜ್ಞಾನಿ ಹುದ್ದೆಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಎಷ್ಟು ಮಂದಿ. ಯಾವ ಕಂಪನಿಗೆ ಯಾವ ಸವಲತ್ತನ್ನ ಎಷ್ಟು ದರಕ್ಕೆ ಕೊಟ್ಟಿದ್ದೀರಿ. ಈ ಎರಡು ಪ್ರಶ್ನೆ. ಊಟ ಆದಮೇಲೆ ಇಲ್ಲೇ ಕೂತು ಬರೆಯೋಣ. ಅಕ್ಷರ ದುಂಡಾಗಿರುವವರು ಮುಂದೆ ಬನ್ನಿ.