1937ರ ಓಟು ಮತ್ತು ನಮ್ಮ ಹೆಸರು
(ಆಂಟಾಪ್ ಹಿಲ್‌ನಲ್ಲಿ ಸೇರಿದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದು ಹೋಗಿ, ಸಂಜೆಯ ಚಹದ ಗಿರಾಕಿಗಳು ಬರುವುದರೊಳಗೆ ಸಿಕ್ಕುವ ಎರಡು ತಾಸು ಹೊಟೇಲಿನವರಿಗೆ ನಿದ್ದೆಯ ಹೊತ್ತು. ಆ ನಿದ್ದೆಯನ್ನು ಬಿಟ್ಟು ತಾವು ಬಂದಿದ್ದೀರಿ. ಆದ್ದರಿಂದ ಮಾತನ್ನು ಉದ್ದ ಮಾಡುವುದಿಲ್ಲ.

ಈ ದಿನ 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ನಡೆದ ಚುನಾವಣೆಯ ವಿಷಯ ಹೇಳುತ್ತೇವೆ. ಹಳೆಯ ಓಟಿನ ಕಥೆ ಈಗೇಕೆ ಎಂದು ಕೇಳಬಹುದು. ಸಂಘದ ಕೆಲಸಕ್ಕೆಂದು ನಾವು ಹೊಟೇಲು ಹೊಟೇಲು ತಿರುಗುವಾಗ, "ನಿಮ್ಮ ಓಟು ಎಲ್ಲಿದೆ?" ಎಂದು ಕೇಳುತ್ತೇವೆ. "ಊರಲ್ಲಿ ಇತ್ತು, ಈಗ ಇದೆಯೋ ಇಲ್ಲವೋ" ಎಂಬುದು ಹಲವರ ಉತ್ತರ. ಇನ್ನು ಕೆಲವರು, ರಾಮ ಆಳಿದರೇನು, ರಾವಣ ಆಳಿದರೇನು, ರಾಗಿ ಬೀಸುವುದು ತಪ್ಪುತ್ತದೆಯೇ ಎಂದು ಗಾದೆ ಹೇಳಿ ಒಳಗೆ ಹೋಗುತ್ತಾರೆ. ಈ ಗಾದೆಗೆ ಉತ್ತರ ಆ 1937ರ ಚುನಾವಣೆಯಲ್ಲಿದೆ.

ಆಗ ನಮ್ಮ ಕನ್ನಡನಾಡು ಹಲವು ತುಂಡಾಗಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಮದ್ರಾಸು ಪ್ರಾಂತದಲ್ಲಿತ್ತು. ಉಳಿದ ಭಾಗ ಮೈಸೂರು ಮಹಾರಾಜರ ಕೈಯಲ್ಲಿ, ನಿಜಾಮರ ಕೈಯಲ್ಲಿ, ಕೊಡಗಿನಲ್ಲಿ ಹರಿದು ಹಂಚಿಹೋಗಿತ್ತು. ಹೀಗಾಗಿ ಇಲ್ಲಿ ದೋಸೆ ಹೊಯ್ಯುವ ಕುಂದಾಪುರದವನ ಊರು ಒಂದು ಪ್ರಾಂತ, ಹೊಟ್ಟೆಪಾಡು ಇನ್ನೊಂದು ಪ್ರಾಂತ. ಅಲ್ಲಿಯ ಶಾಸನಸಭೆ ಬೇರೆ, ಇಲ್ಲಿಯದು ಬೇರೆ.

ಓಟಾದರೂ ಯಾರಿಗಿತ್ತು? 1935ರ ಕಾಯಿದೆಯಂತೆ ಜಮೀನಿನ ಕಂದಾಯ ಕಟ್ಟುವವನಿಗೆ, ತೆರಿಗೆ ಕೊಡುವವನಿಗೆ, ಇಷ್ಟು ಬಾಡಿಗೆಯ ಮನೆಯಲ್ಲಿ ಇರುವವನಿಗೆ, ಇಷ್ಟು ಓದಿದವನಿಗೆ ಓಟು. ಬ್ರಿಟಿಷರ ಆಳ್ವಿಕೆಯ ಪ್ರಾಂತಗಳಲ್ಲಿ ಒಟ್ಟು ಜನರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಮಾತ್ರ ಅದು ದೊರೆಯಿತು. ಮೇಜು ಒರೆಸಿ ಅದರ ಮೇಲೆಯೇ ಮಲಗುವ ಹುಡುಗನ ಹೆಸರಿನಲ್ಲಿ ಬಾಡಿಗೆಯ ಚೀಟಿ ಎಲ್ಲಿಂದ ಬರಬೇಕು? ಊರಿನ ಗೇಣಿ ಗದ್ದೆಯ ಕಂದಾಯವೂ ಧನಿಗಳ ಹೆಸರಿನಲ್ಲಿ.

ಮುಂಬಯಿ ಶಾಸನಸಭೆಯಲ್ಲಿ 175 ಸ್ಥಾನಗಳಿದ್ದವು. 114 ಸಾಮಾನ್ಯ ಸ್ಥಾನಗಳು. ಅವುಗಳಲ್ಲಿ 15 ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಗಳಿಗೆ ಮೀಸಲು. ಮುಸ್ಲಿಮರಿಗೆ 29. ವ್ಯಾಪಾರ ಮತ್ತು ಉದ್ಯಮದವರಿಗೆ 7, ಕಾರ್ಮಿಕರಿಗೂ 7. ಬೆರಳೆಣಿಕೆಯ ಮಾಲೀಕರನ್ನೂ ಲಕ್ಷಗಟ್ಟಲೆ ಕೂಲಿಗಾರರನ್ನೂ ತಕ್ಕಡಿಯಲ್ಲಿಟ್ಟು ಸಮತೂಕ ಎಂದರು. ಹೊಟೇಲಿನ ಕೆಲಸಗಾರರಿಗೆಂದು ಒಂದು ಸ್ಥಾನವೂ ಇರಲಿಲ್ಲ.

ಕಣದಲ್ಲಿದ್ದ ಪಕ್ಷಗಳನ್ನು ನೋಡೋಣ. ಎಲ್ಲಕ್ಕೂ ದೊಡ್ಡದು ಕಾಂಗ್ರೆಸ್ಸು. ಸ್ವರಾಜ್ಯಕ್ಕಾಗಿ ಜೈಲು ಕಂಡವರ ಪಕ್ಷವೆಂಬ ಗೌರವ ಅದಕ್ಕಿತ್ತು. ರೈತರೂ ವಕೀಲರೂ ಅದರಲ್ಲಿದ್ದರು, ಗಿರಣಿ ಮಾಲೀಕರೂ ಇದ್ದರು. ಮುಸ್ಲಿಂ ಸ್ಥಾನಗಳಲ್ಲಿ ಮುಸ್ಲಿಂ ಲೀಗ್ ನಿಂತಿತ್ತು. ಚಿಕ್ಕಪುಟ್ಟ ಪಕ್ಷಗಳೂ ಸ್ವತಂತ್ರ ಉಮೇದುವಾರರೂ ಇದ್ದರು. ಹೊಸದಾಗಿ ಬಂದದ್ದು ಡಾ. ಅಂಬೇಡ್ಕರರು 1936ರ ಆಗಸ್ಟಿನಲ್ಲಿ ಕಟ್ಟಿದ ಸ್ವತಂತ್ರ ಕಾರ್ಮಿಕ ಪಕ್ಷ. ಜಾತಿಯ ಹೆಸರು ಹೇಳದೆ, ಕಾರ್ಮಿಕ ಎಂಬ ಹೆಸರು ಹಿಡಿದು ಅದು ಜನರ ಮುಂದೆ ನಿಂತಿತು. ಕೆಲಸದ ಹೊತ್ತಿಗೆ ಮಿತಿ, ತಕ್ಕ ಪಗಾರ, ಪಗಾರ ಸಹಿತ ರಜೆ, ಕಡಿಮೆ ಬಾಡಿಗೆಯ ಮನೆ, ಕೊಂಕಣದ ಖೋತಿ ಜಮೀನುದಾರಿಕೆಯ ನಿರ್ಮೂಲನ, ಇವು ಅದರ ಜಾಹೀರುನಾಮೆಯಲ್ಲಿದ್ದವು.

ಈ ಎರಡು ಪಕ್ಷಗಳ ಬಿರುಸಿನ ಹೋರಾಟ ನಡೆದದ್ದು ನಮ್ಮ ಹತ್ತಿರದಲ್ಲೇ, ಬೈಕಲ್ಲಾ ಮತ್ತು ಪರೇಲಿನ ಗಿರಣಿಗಾಂವಿನಲ್ಲಿ. ಒಂದು ಕಡೆ ಅಂಬೇಡ್ಕರರು. ಪರೇಲಿನ ಬಿ.ಐ.ಟಿ. ಚಾಳಿನಲ್ಲಿ ಕೂಲಿಗಾರರ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದವರು. ಕಾಂಗ್ರೆಸ್ಸಿನ ಕಡೆಯಿಂದ ಪಾಲವಣಕರ ಬಾಳೂ. ಇವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಪುಣೆಯ ಇಂಗ್ಲಿಷರ ಕ್ಲಬ್ಬಿನ ಮೈದಾನದಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಕೆಲಸ ಮಾಡುತ್ತ ಚೆಂಡು ಎಸೆಯುವುದನ್ನು ಕಲಿತರು. 1911ರಲ್ಲಿ ಭಾರತದ ತಂಡದೊಡನೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ಟು ಪಡೆದರು. ಇಂಥ ಆಟಗಾರನಿಗೆ ಪುಣೆಯಲ್ಲಿ ತನ್ನದೇ ತಂಡದವರು ಪಿಂಗಾಣಿ ಕಪ್ಪಿನಲ್ಲಿ ಚಹ ಕುಡಿಯುವಾಗ, ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಚಹದ ಕಪ್ಪು ತೊಳೆದು ಬದುಕಿದ ನಮಗೆ ಈ ಮಾತು ಬೇಗ ತಿಳಿಯುತ್ತದೆ. ಯಾವ ಕಪ್ಪು ಯಾರ ಮುಂದೆ ಎಂಬುದರಲ್ಲಿ ಎಷ್ಟು ಅವಮಾನವನ್ನು ಇಡಬಹುದು ಎಂಬುದು ನಮಗೆ ಗೊತ್ತು.

ಇಬ್ಬರೂ ದಲಿತರು, ಇಬ್ಬರೂ ದೊಡ್ಡವರು. ಅಂಬೇಡ್ಕರರು ಎಳೆಯರಿದ್ದಾಗ ಬಾಳೂ ಅವರ ಆಟವನ್ನು ಮೆಚ್ಚಿ ಸನ್ಮಾನದ ಸಭೆಯಲ್ಲಿ ಮಾತನಾಡಿದವರು. ಈಗ ಎದುರೆದುರು ನಿಂತರು. ಅಂಬೇಡ್ಕರರಿಗೆ 13,245 ಓಟು, ಬಾಳೂ ಅವರಿಗೆ 11,225. ಅಂತರ ಎರಡು ಸಾವಿರದ ಇಪ್ಪತ್ತು. ಪರೇಲಿನ ಕೆಲವು ಚಾಳುಗಳ ಜನ ಆ ದಿನ ಮನೆಯಲ್ಲಿ ಕುಳಿತಿದ್ದರೆ ಲೆಕ್ಕ ತಿರುಗುತ್ತಿತ್ತು.

ಒಟ್ಟು ಫಲಿತಾಂಶದಲ್ಲಿ ಕಾಂಗ್ರೆಸ್ಸು ಹೆಚ್ಚುಕಡಿಮೆ ಅರ್ಧ ಸ್ಥಾನ ಪಡೆದು ಮೊದಲನೆಯದಾಯಿತು. ಕಾರ್ಮಿಕ ಪಕ್ಷ 17 ಉಮೇದುವಾರರನ್ನು ನಿಲ್ಲಿಸಿ 14 ಗೆದ್ದಿತು. ಕನ್ನಡ ಜಿಲ್ಲೆಯಿಂದಲೂ, ಬೆಳಗಾವಿ ಉತ್ತರದಲ್ಲಿ ಬಳವಂತ ವರಾಳೆ ಆ ಪಕ್ಷದಿಂದ ಆರಿಸಿಬಂದರು. ಅತ್ತ ಮದ್ರಾಸಿನಲ್ಲಿ 215ರಲ್ಲಿ 159 ಗೆದ್ದು ಕಾಂಗ್ರೆಸ್ಸು ಜಸ್ಟಿಸ್ ಪಕ್ಷವನ್ನು ಮಣ್ಣುಮುಕ್ಕಿಸಿತು. ಮುಂಬಯಿಯಲ್ಲಿ 1937ರ ಜುಲೈ ತಿಂಗಳಿನಲ್ಲಿ ಬಿ. ಜಿ. ಖೇರರ ಮಂತ್ರಿಮಂಡಲ ಅಧಿಕಾರ ವಹಿಸಿತು.

ಹದಿನಾಲ್ಕು ಮಂದಿಯಿಂದ ಏನಾಯಿತು? ಅದೇ ಸೆಪ್ಟೆಂಬರಿನಲ್ಲಿ ಅಂಬೇಡ್ಕರರು ಖೋತಿ ರದ್ದು ಮಾಡುವ ಮಸೂದೆ ಮಂಡಿಸಿದರು. 1938ರಲ್ಲಿ ಸರಕಾರ ಕೈಗಾರಿಕಾ ವಿವಾದಗಳ ಮಸೂದೆ ತಂದಿತು. ಸಂಧಾನದ ಸುತ್ತುಗಳು ಮುಗಿಯುವ ಮೊದಲು ಮುಷ್ಕರ ಹೂಡಿದರೆ ಅಪರಾಧ ಎಂಬುದು ಅದರ ಮುಳ್ಳು. ಕೆಲಸ ಬಿಡುವುದು ಅಪರಾಧವಾದರೆ ಮನುಷ್ಯ ಗುಲಾಮನಾದಂತೆ ಎಂಬುದು ಅಂಬೇಡ್ಕರರ ವಾದ. ಹೊರಗೆ, ನವೆಂಬರ್ 7ರಂದು, ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಒಂದಾಗಿ ಗಿರಣಿಗಳಲ್ಲಿ ಒಂದು ದಿನದ ಮುಷ್ಕರ ನಡೆಸಿದರು. ಪೋಲೀಸರ ಗುಂಡು ಹಾರಿತು. ಆದರೂ ಮಸೂದೆ ಕಾನೂನಾಯಿತು. ಏಕೆ? ಸಭೆಯೊಳಗೆ ಕೈ ಎತ್ತುವವರು ಸಾಕಷ್ಟಿರಲಿಲ್ಲ. ಬೀದಿಯಲ್ಲಿ ಸಾವಿರಾರು ಜನ ಇದ್ದರೂ ಅವರಲ್ಲಿ ಬಹಳ ಮಂದಿಗೆ ಓಟೇ ಇರಲಿಲ್ಲ.

ಇನ್ನೊಂದು ಮಗ್ಗಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅದೇ ಶಾಸನಸಭೆಯ ಕಾಲದಲ್ಲಿ, 1939ರಲ್ಲಿ, ಮುಂಬಯಿಯ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಬಂತು. ದೇಶದಲ್ಲಿ ಆ ಬಗೆಯ ಕಾಯಿದೆ ಅದೇ ಮೊದಲು. ಅಂಗಡಿಗಳೊಡನೆ ಹೊಟೇಲು, ಖಾನಾವಳಿಗಳ ಕೆಲಸದ ಹೊತ್ತಿಗೂ ಕಾನೂನಿನ ಮಿತಿ ಬಂತು. 1948ರಲ್ಲಿ ಅದರ ಬದಲಿಗೆ ಇನ್ನೊಂದು, 2017ರಲ್ಲಿ ಮತ್ತೊಂದು ಕಾಯಿದೆ ಬಂದವು. ನಾವು ಈ ದಿನ ವಾರದ ರಜೆ ಕೇಳುವಾಗ ಹಿಡಿಯುವ ಹಗ್ಗದ ಒಂದು ತುದಿ ಅಲ್ಲಿದೆ. ಶಾಸನಸಭೆ ಕೈ ಕಟ್ಟಲೂಬಲ್ಲದು, ಕೈ ಹಿಡಿಯಲೂಬಲ್ಲದು. ಯಾರು ಆಳಿದರೂ ಒಂದೇ ಎನ್ನುವ ಗಾದೆ ಇಲ್ಲಿ ಸುಳ್ಳಾಯಿತು.

ಬೇರೆ ದೇಶದಲ್ಲೂ ಇಂಥದು ನಡೆದಿದೆ. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ರೈತರೂ ಕಾರ್ಮಿಕರೂ ಸೇರಿ ಎರಡು ದೊಡ್ಡ ಪಕ್ಷಗಳ ಎದುರು ಮೂರನೆಯದೊಂದನ್ನು ಕಟ್ಟಿದರು. 1930ರ ಚುನಾವಣೆಯಲ್ಲಿ ತಮ್ಮವರಾದ ಫ್ಲಾಯ್ಡ್ ಓಲ್ಸನ್ ಅವರನ್ನು ಗವರ್ನರನನ್ನಾಗಿ ಗೆಲ್ಲಿಸಿದರು. ಮುಂದೆ 1944ರಲ್ಲಿ ಆ ಪಕ್ಷ ಡೆಮಾಕ್ರಟಿಕ್ ಪಕ್ಷದಲ್ಲಿ ಸೇರಿತು. ನಮ್ಮ ಕಾರ್ಮಿಕ ಪಕ್ಷವೂ 1942ರಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಷನ್ನಿಗೆ ಜಾಗ ಬಿಟ್ಟಿತು. ಪಕ್ಷಗಳು ಬರುತ್ತವೆ, ಹೋಗುತ್ತವೆ. ಕೆಲಸಗಾರನ ಓಟು ಉಳಿಯಬೇಕು.

ಈಗ ನಮ್ಮ ಮಾತಿಗೆ ಬರೋಣ. ಸ್ವತಂತ್ರ ಭಾರತದಲ್ಲಿ ಕಂದಾಯ ಬೇಡ, ಬಾಡಿಗೆ ಚೀಟಿ ಬೇಡ. ಮೊದಲು 21, 1989ರಿಂದ 18 ತುಂಬಿದ ಪ್ರತಿ ನಾಗರಿಕನಿಗೂ ಓಟು. ಅಂದು ಕಾನೂನು ನಮ್ಮನ್ನು ಹೊರಗಿಟ್ಟಿತ್ತು. ಇಂದು ನಮ್ಮನ್ನು ಹೊರಗಿಡುವುದು ನಮ್ಮ ಅಲೆದಾಟವೂ ಉದಾಸೀನವೂ. ಗಿರಣಿಯ ಬಂಧುಗಳಿಗೆ ಇದು ಬೇರೆ ರೀತಿಯಲ್ಲಿ ತಟ್ಟಿದೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಾಳು ಬಿಟ್ಟು ದೂರ ಹೋದವರ ಓಟೂ ಚದುರಿಹೋಯಿತು.

ಮೂರು ಸಂಗತಿಗಳನ್ನು ನೆನಪಿಡಿ. ಒಂದು, ಓಟು ಒಂದೇ ಕಡೆ ಇರಬೇಕು. ಊರಿನಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿಯ ನಿವಾಸಿ ಎಂದು 1950ರ ಕಾಯಿದೆ ಎಣಿಸುವುದಿಲ್ಲ. ನೀವು ವಾಸವಾಗಿ ಇರುವುದು ಎಲ್ಲಿ ಎಂಬುದೇ ಮುಖ್ಯ. ಎರಡು, "ನಮಗೆ ಮನೆಯೇ ಇಲ್ಲ, ಹೆಸರು ಹೇಗೆ ಬರೆಸುವುದು?" ಎಂದು ಹೆದರಬೇಡಿ. ಮನೆಯಿಲ್ಲದವನು 6ನೆಯ ನಂಬರಿನ ಫಾರಂನಲ್ಲಿ ತಾನು ಮಲಗುವ ಜಾಗ ಬರೆದರೆ, ಮತಗಟ್ಟೆಯ ಅಧಿಕಾರಿ ರಾತ್ರಿ ಬಂದು ನೋಡಿ ಖಾತ್ರಿ ಮಾಡಿಕೊಳ್ಳಬೇಕೆಂದು ಚುನಾವಣಾ ಆಯೋಗದ ಸೂಚನೆಯಿದೆ. ಹಾಗಿರುವಾಗ ಖೋಲಿಯಲ್ಲಿ ಐದಾರು ಜನ ಸೇರಿ ಇರುವವನು ಹಿಂಜರಿಯುವುದೇಕೆ? ಮೂರು, ಓಟಿನ ದಿನ ಓಟುಳ್ಳ ಕೆಲಸಗಾರನಿಗೆ ಪಗಾರ ಸಹಿತ ರಜೆ ಕೊಡಬೇಕೆಂದು 1996ರಿಂದ ಕಾನೂನಿದೆ. ಕೊಡದ ಮಾಲೀಕನಿಗೆ ದಂಡವಿದೆ. ರಜೆ ಕೊಡಿರೆಂದು ಒಬ್ಬನೇ ಗಲ್ಲಾದ ಮುಂದೆ ನಿಂತರೆ ಗದರಿಸಿ ಕಳಿಸಬಹುದು. ಹೊಟೇಲಿನವರೆಲ್ಲ ಸೇರಿ ಮೊದಲೇ ತಿಳಿಸಿದರೆ ಗದರಿಸುವುದು ಅಷ್ಟು ಸುಲಭವಲ್ಲ.

ಯಾವ ಪಕ್ಷಕ್ಕೆ ಓಟು ಹಾಕಬೇಕೆಂದು ನಾವು ಹೇಳುವುದಿಲ್ಲ. ಓಟು ಕೇಳಲು ಬಂದವರನ್ನು, ಹೊಟೇಲಿನ ಕೆಲಸದ ಹೊತ್ತಿನ ವಿಷಯದಲ್ಲಿ, ಗಿರಣಿಯವರ ಮನೆಯ ವಿಷಯದಲ್ಲಿ ನಿಮ್ಮ ಪಕ್ಷ ಸಭೆಯಲ್ಲಿ ಯಾವ ಕಡೆ ಕೈ ಎತ್ತಿತು ಎಂದು ಕೇಳಿರಿ. ಉತ್ತರ ತಿಳಿದು ಓಟು ಹಾಕಿರಿ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವನ ಪ್ರಶ್ನೆಗೆ ಯಾರೂ ನಿಂತು ಉತ್ತರ ಕೊಡುವುದಿಲ್ಲ.

ಫಾರಂ ತುಂಬಿಸಲು ನಮ್ಮ ಕಾರ್ಯಕರ್ತರು ಇಲ್ಲಿಯೇ ಕುಳಿತಿದ್ದಾರೆ. ಬರೆಯಲು ಬಾರದವರು ನಾಚಬೇಕಾಗಿಲ್ಲ. ಇಲ್ಲಿಗೆ ಬಾರದ ಗೆಳೆಯರಿಗೂ ಒಂದೊಂದು ಫಾರಂ ಒಯ್ಯಿರಿ. ಸಂಜೆಯ ಚಹದ ಹೊತ್ತಾಯಿತು, ನಿಮ್ಮನ್ನು ತಡೆಯುವುದಿಲ್ಲ.