ನಂಬಿಕೆಗೆ ಮುನ್ನ ಒಪ್ಪಂದ: ವೈಯಕ್ತಿಕ ಕೋಚಿಂಗಿನ ಒಂದು ವಿಚಾರ

ಉದ್ಯೋಗ, ಸಂಸಾರ, ಮುಂದಿನ ಗುರಿ ಇಂಥ ವಿಷಯಗಳಲ್ಲಿ ಒಬ್ಬ ವ್ಯಕ್ತಿ ತಾನೇ ಯೋಚಿಸಿ ನಿರ್ಧಾರಕ್ಕೆ ಬರುವಂತೆ, ಕೇಳುವ ಪ್ರಶ್ನೆಗಳಿಂದ ಮತ್ತು ತಾಳ್ಮೆಯ ಆಲಿಸುವಿಕೆಯಿಂದ ನೆರವಾಗುವ ವೃತ್ತಿಗೆ ವೈಯಕ್ತಿಕ ಕೋಚಿಂಗ್ ಎಂದು ಹೆಸರು. ಪರೀಕ್ಷೆಗೆ ಪಾಠ ಹೇಳುವ ತರಗತಿಗಳಿಗಿಂತ ಇದು ಬೇರೆ. ಮನೋರೋಗಗಳ ಚಿಕಿತ್ಸೆಯೂ ಇದರ ಕೆಲಸವಲ್ಲ. ಆಟಗಾರನ ಮೇಲೆ ಸೂಚನೆಗಳನ್ನು ಹೇರುವ ಬದಲು ಅವನ ಗಮನವನ್ನು ಅವನದೇ ಅನುಭವದ ಕಡೆಗೆ ತಿರುಗಿಸಬೇಕೆಂದು ಅಮೆರಿಕದ ತಿಮೊಥಿ ಗಾಲ್ವೆ 1974ರಲ್ಲಿ ಟೆನಿಸ್ ಕುರಿತ ಪುಸ್ತಕವೊಂದರಲ್ಲಿ ವಾದಿಸಿದರು. ಬ್ರಿಟನ್ನಿನ ಜಾನ್ ವಿಟ್ಮೋರ್ 1992ರ ತಮ್ಮ ಗ್ರಂಥದಲ್ಲಿ ಆ ವಿಚಾರವನ್ನು ಕಚೇರಿಗಳ ಜಗತ್ತಿಗೆ ಅನ್ವಯಿಸಿದರು. ಹೀಗೆ ಬೆಳೆದ ಈ ವೃತ್ತಿಯಲ್ಲಿ, ಬಂದವರು ಮನಸ್ಸು ಬಿಚ್ಚಿ ಮಾತನಾಡದ ಹೊರತು ಕೆಲಸ ಆರಂಭವೇ ಆಗುವುದಿಲ್ಲ.

ಹಾಗೆ ಮನಸ್ಸು ಬಿಚ್ಚಲು ಬೇಕಾದ ನಂಬಿಕೆ ಹುಟ್ಟುವ ಬಗೆಯನ್ನು ಕೋಚಿಂಗ್ ಬಹುಮಟ್ಟಿಗೆ ಮನೋಚಿಕಿತ್ಸೆಯಿಂದ ಕಲಿತಿದೆ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ಪ್ರಬಂಧದಲ್ಲಿ ನೆರವು ನೀಡುವವರಿಗೆ ಮೂರು ಗುಣಗಳನ್ನು ಹೇಳಿದರು: ಒಳಗೊಂದು ಹೊರಗೊಂದು ಇರದ ಪ್ರಾಮಾಣಿಕತೆ, ಎದುರಿನವರ ನಡತೆಯನ್ನು ಷರತ್ತಾಗಿಸದ ಗೌರವ, ಅವರ ಜಗತ್ತನ್ನು ಅವರ ಕಣ್ಣಿನಿಂದಲೇ ಅರಿಯುವ ಅನುಭೂತಿ. ಈ ಮೂರನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಈ ಗೌರವ ಮತ್ತು ಅನುಭೂತಿ ನೆರವು ಪಡೆಯುವವರಿಗೆ ಸ್ವಲ್ಪಮಟ್ಟಿಗಾದರೂ ತಲುಪಿರಬೇಕು ಎಂಬ ಅವರ ಮತ್ತೊಂದು ನಿಬಂಧನೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ತಾನು ನಂಬಿಕೆಗೆ ಅರ್ಹ ಎಂದು ಕೋಚ್ ಭಾವಿಸಿದರೆ ಸಾಲದು, ಅದನ್ನು ನಿರ್ಣಯಿಸುವ ಹಕ್ಕು ಎದುರು ಕುಳಿತವರದು ಎಂಬ ಅರ್ಥ ಅದರಲ್ಲಿ ಅಡಗಿರುವುದರಿಂದ, ಅದೇ ಹೆಚ್ಚು ತೂಕದ ಮಾತು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಇದಕ್ಕೆ ಇನ್ನೊಂದು ಆಯಾಮ ಕೂಡಿಸಿ, ಆತ್ಮೀಯತೆಯ ಜೊತೆಗೆ ಗುರಿ ಯಾವುದು, ಅದಕ್ಕಾಗಿ ಮಾಡಬೇಕಾದ ಕೆಲಸ ಯಾವುದು ಎಂಬುದರಲ್ಲಿಯೂ ಇಬ್ಬರಿಗೆ ಸಹಮತ ಇರಬೇಕೆಂದರು.

ಸಹಮತದ ಈ ಅಗತ್ಯ ತೀವ್ರವಾಗುವುದು ಮೂರನೆಯವರು ಹಣ ಕೊಡುವಾಗ. ಬೆಂಗಳೂರಿನಂಥ ನಗರದಲ್ಲಿ ಕಂಪನಿಯೊಂದು ತನ್ನ ಉದ್ಯೋಗಿಗೆ ಕೋಚನ್ನು ನೇಮಿಸಿದಾಗ, ಮಾತನಾಡುವವನು ಉದ್ಯೋಗಿ, ಶುಲ್ಕ ಕೊಡುವುದು ಕಂಪನಿ. ಹೇಳಿದ್ದೆಲ್ಲ ಮೇಲಧಿಕಾರಿಯ ಕಿವಿಗೆ ಬಿದ್ದು ಬಡ್ತಿಗೆ ಅಡ್ಡಿಯಾದೀತೆಂಬ ಭಯ ಅಲ್ಲಿ ಸಹಜ, ಮತ್ತು ಆ ಭಯವನ್ನು ನಗುಮುಖದಿಂದ ಹೋಗಲಾಡಿಸಲಾಗದು. 1995ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟದ ನೀತಿಸಂಹಿತೆ, ಗೋಪ್ಯತೆಯ ಸ್ವರೂಪವನ್ನೂ ಮಿತಿಯನ್ನೂ ಮೊದಲ ಭೇಟಿಯ ವೇಳೆಗೇ ಇಬ್ಬರಿಗೂ ವಿವರಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಭೇಟಿಗಳು ನಡೆದವೇ ಎಂಬುದನ್ನು ಮಾತ್ರ ಕಂಪನಿಗೆ ತಿಳಿಸುವುದೇ, ಗುರಿಗಳನ್ನೂ ತಿಳಿಸುವುದೇ, ಪ್ರಗತಿಯ ವರದಿ ಬೇಕಾದರೆ ಅದನ್ನು ಉದ್ಯೋಗಿಯೇ ಒಪ್ಪಿಸುವನೇ ಎಂಬುದೆಲ್ಲ ಬರವಣಿಗೆಯಲ್ಲಿ ಇರುವುದು ಒಳ್ಳೆಯದು. ಪ್ರಾಣಾಪಾಯ ಸನ್ನಿಹಿತವಾದಾಗ ಅಥವಾ ಕಾನೂನು ಕೇಳಿದಾಗ ಗೋಪ್ಯತೆ ಸಡಿಲವಾಗಬಹುದೆಂಬ ಮಾತನ್ನೂ ಮುಚ್ಚಿಡಬಾರದು; ಮಿತಿಯನ್ನು ಮುಂಚೆಯೇ ಕೇಳಿದವನು ಆಮೇಲೆ ಮೋಸಹೋದೆನೆಂದು ಭಾವಿಸುವ ಸಂಭವ ಕಡಿಮೆ.

ಗೋಪ್ಯತೆಯ ಮಿತಿಯಂತೆ ಕೋಚ್‌ನ ಅರ್ಹತೆಯ ಮಿತಿಯೂ ತಿಳಿದಿರಬೇಕು. ಭಾರತದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಕೋಚ್‌ಗಳಿಗೆ ಅಂಥ ಕಾನೂನುಬದ್ಧ ಪರವಾನಗಿಯಿಲ್ಲ. ಆದ್ದರಿಂದ ತನ್ನ ತರಬೇತಿ ಎಷ್ಟೆಂಬುದನ್ನು ಕೋಚ್ ತಾನಾಗಿಯೇ ತಿಳಿಸಬೇಕಾಗುತ್ತದೆ. ಬಂದವರ ಮಾತಿನಲ್ಲಿ ದೀರ್ಘಕಾಲದ ಖಿನ್ನತೆಯೋ ಬದುಕೇ ಬೇಡವೆಂಬ ಭಾವವೋ ಕಂಡಾಗ, ಇದು ತನ್ನ ಕಲಿಕೆಗೆ ಮೀರಿದ್ದೆಂದು ನೇರವಾಗಿ ಹೇಳಿ, ಮನೋವೈದ್ಯರ ಬಳಿಗೋ, 2022ರ ಅಕ್ಟೋಬರಿನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೋ ದಾರಿ ತೋರಿಸಿ, ಆ ನೆರವು ನಿಜವಾಗಿ ದೊರೆಯಿತೇ ಎಂದು ವಿಚಾರಿಸುವವರೆಗೆ ಕೋಚ್‌ನ ಹೊಣೆ ಮುಗಿಯುವುದಿಲ್ಲ.